ಕೋರ್ಟು ಇರುವಾಗ ಸಂಸತ್ತಿಗೇನು ಕೆಲಸ?

ಪ್ರಶ್ನೆ: ನಾಜಿಗಳು ಯಹೂದಿಗಳ ನರಮೇಧ ನಡೆಸಿ ಎಂಬತ್ತು ವರ್ಷ ದಾಟಿತು. ಯುದ್ಧ ಮುಗಿದ ಕೂಡಲೇ ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ನಡೆದು ನಾಜಿ ನಾಯಕರಿಗೆ ಗಲ್ಲು ಶಿಕ್ಷೆಯಾಯಿತು ಎಂದು ಓದಿದ್ದೇನೆ. ಹೀಗಿರುವಾಗ 2024ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದೇ ವಿಷಯಕ್ಕೆ ಮತ್ತೊಂದು ಕಾನೂನು ಮಾಡಿತಂತೆ. ನ್ಯಾಯ ಕೊಡುವುದು ಕೋರ್ಟಿನ ಕೆಲಸವಲ್ಲವೇ? ಶಾಸನಸಭೆಗೆ ಅಲ್ಲೇನು ಕೆಲಸ? ಕಳೆದುಕೊಂಡವರಿಗೆ ವಾಪಸು ಕೊಡಿಸಲು ಇಷ್ಟು ಕಾಲ ಏಕೆ ಬೇಕಾಯಿತು? ನಮ್ಮ ದೇಶದಲ್ಲಿ ಇಂಥ ಕಾನೂನು ಇದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೇಳಿರುವುದು ಒಂದರೊಳಗೊಂದು ಸೇರಿಕೊಂಡ ಮೂರು ಪ್ರಶ್ನೆ. ನಿಮಗೆ ಬಂದಿರುವ ಸಂದೇಹ ಸಹಜವಾದದ್ದೇ. ಅಪರಾಧ ಆಗಿದೆ, ಕೋರ್ಟು ಇದೆ, ತೀರ್ಪು ಬಂದಿದೆ; ಆಮೇಲೂ ಶಾಸಕರು ಕುಳಿತು ಕಾನೂನು ಬರೆಯುವುದು ಏಕೆ ಎಂದು ಯಾರಿಗಾದರೂ ಅನಿಸುತ್ತದೆ. ಚಿಕ್ಕದಾಗಿ ಹೇಳುವುದಾದರೆ, ಕೋರ್ಟು ಇರುವ ಕಾನೂನನ್ನಷ್ಟೇ ಅನ್ವಯಿಸಬಲ್ಲದು. ಇರುವ ಕಾನೂನೆಲ್ಲ ಮಾಮೂಲಿ ದಿನಗಳಿಗಾಗಿ, ಮಾಮೂಲಿ ಕಳ್ಳತನ, ಮಾಮೂಲಿ ಸಾವು, ಮಾಮೂಲಿ ವಾರಸುದಾರಿಕೆಗಾಗಿ ಬರೆದದ್ದು. ಇಡೀ ಸಮುದಾಯವನ್ನು ಸರ್ಕಾರವೇ ಕೊಂದಾಗ ಆ ಕಾನೂನುಗಳು ಸತ್ತವರ ಕಡೆಯವರಿಗೇ ಅಡ್ಡ ಬರುತ್ತವೆ. ಆ ಅಡ್ಡಿಗಳನ್ನು ಒಂದೊಂದಾಗಿ ತೆಗೆಯುವ ಅಧಿಕಾರ ಇರುವುದು ಶಾಸನಸಭೆಗೆ. ಇನ್ನು ವಿವರಕ್ಕೆ ಬರೋಣ.

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ಶಿಕ್ಷೆ ಬೇರೆ, ಪರಿಹಾರ ಬೇರೆ. 1946ರ ಅಕ್ಟೋಬರ್ 1ರಂದು ನ್ಯೂರೆಂಬರ್ಗ್ ನ್ಯಾಯಮಂಡಳಿ 12 ನಾಜಿ ನಾಯಕರಿಗೆ ಮರಣದಂಡನೆ ವಿಧಿಸಿದ್ದು ನಿಜ. ಆದರೆ ಆ ತೀರ್ಪಿನಿಂದ ಯಾವ ಯಹೂದಿ ಕುಟುಂಬಕ್ಕೂ ಅದರ ಮನೆ, ಅಂಗಡಿ, ಬ್ಯಾಂಕಿನಲ್ಲಿಟ್ಟ ಹಣ ವಾಪಸು ಬರಲಿಲ್ಲ. ಅದು ಆ ಮಂಡಳಿಯ ಕೆಲಸವೂ ಆಗಿರಲಿಲ್ಲ. ಎರಡು ವರ್ಷದ ಬಳಿಕ, 1948ರ ಡಿಸೆಂಬರ್ 9ರಂದು, ವಿಶ್ವಸಂಸ್ಥೆ ನರಮೇಧ ತಡೆ ಒಪ್ಪಂದವನ್ನು ಅಂಗೀಕರಿಸಿತು. ಅದರಲ್ಲಿ 19 ವಿಧಿಗಳಿವೆ. ನರಮೇಧ ಎಂದರೇನು, ಅದನ್ನು ತಡೆಯುವ ಮತ್ತು ಶಿಕ್ಷಿಸುವ ಹೊಣೆ ಯಾರದು ಎಂಬುದನ್ನೆಲ್ಲ ಅದು ಹೇಳುತ್ತದೆ. ಬದುಕುಳಿದವರಿಗೆ ಪರಿಹಾರ ಕೊಡಬೇಕು ಎಂದು ಹೇಳುವ ವಿಧಿ ಮಾತ್ರ ಅದರಲ್ಲಿಲ್ಲ. ಅಂತರರಾಷ್ಟ್ರೀಯ ಒಪ್ಪಂದ ಇದೆಯಲ್ಲ, ಪರಿಹಾರವೂ ಅದರಲ್ಲೇ ಇದ್ದೀತು ಎಂದು ಹಲವರು ಅಂದುಕೊಂಡಿರುತ್ತಾರೆ. ಆ ಜಾಗ ಖಾಲಿಯಾಗಿಯೇ ಉಳಿಯಿತು. ಅದನ್ನು ಆಯಾ ದೇಶದ ಸಂಸತ್ತುಗಳೇ ತುಂಬಬೇಕಾಯಿತು.

ಮಾಮೂಲಿ ಕಾನೂನು ಅಡ್ಡ ಬರುವುದು ಹೇಗೆ ಎಂದು ನೋಡೋಣ. ತಂದೆ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಮಾಡಿಸಲು ಓಡಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮರಣ ಪ್ರಮಾಣಪತ್ರ ತನ್ನಿ, ವಂಶವೃಕ್ಷ ತನ್ನಿ ಎನ್ನುತ್ತಾರೆ. ಇರುವುದೊಂದು ಕಾಗದದಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ವರ್ಷಗಟ್ಟಲೆ ಅಲೆದಾಟ. ಈಗ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕೊಲ್ಲಲ್ಪಟ್ಟವರ ಮಗಳೊಬ್ಬಳು ಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಗಿ ‘ಅಪ್ಪ ಇಲ್ಲಿ ಹಣ ಇಟ್ಟಿದ್ದರು’ ಎಂದರೆ ಏನಾಗುತ್ತದೆ? ಬ್ಯಾಂಕುಗಳು ಮರಣ ಪ್ರಮಾಣಪತ್ರ ಕೇಳಿದವು. ಗ್ಯಾಸ್ ಕೋಣೆಗೆ ಕಳಿಸಿದವರು ಪ್ರಮಾಣಪತ್ರ ಬರೆದುಕೊಟ್ಟಿರಲಿಲ್ಲ. ಬ್ಯಾಂಕಿನ ಗುಮಾಸ್ತ ಕೇಳಿದ್ದು ನಿಯಮದಲ್ಲಿದ್ದ ಕಾಗದವನ್ನೇ. ಆದರೆ ಆ ನಿಯಮ ಪಾಲಿಸಿದಷ್ಟು ಕಾಲವೂ ಹಣ ಬ್ಯಾಂಕಿನಲ್ಲೇ ಉಳಿಯುತ್ತಿತ್ತು. ಸ್ವಿಸ್ ಸಂಸತ್ತು 1996ರ ಡಿಸೆಂಬರ್‌ನಲ್ಲಿ ಬ್ಯಾಂಕಿಂಗ್ ಗೋಪ್ಯತೆಯನ್ನೇ ಬದಿಗಿಟ್ಟು ಇತಿಹಾಸಕಾರರ ಆಯೋಗ ನೇಮಿಸಿತು. ಹಳೆಯ ದಾಖಲೆ ನಾಶಪಡಿಸಬಾರದು ಎಂದೂ ಕಟ್ಟಪ್ಪಣೆ ಮಾಡಿತು. ಇಷ್ಟಾದ ಮರುತಿಂಗಳೇ ಜ್ಯೂರಿಕ್‌ನ ದೊಡ್ಡ ಬ್ಯಾಂಕೊಂದರ ರಾತ್ರಿ ಕಾವಲುಗಾರನೊಬ್ಬ, ಕತ್ತರಿಸುವ ಯಂತ್ರಕ್ಕೆ ಹಾಕಲು ಇಟ್ಟಿದ್ದ ಹಳೆಯ ದಾಖಲೆಗಳನ್ನು ಕಂಡು ಎತ್ತಿಕೊಂಡು ಬಂದ. ಅವನಿಗೆ ಅಮೆರಿಕದಲ್ಲಿ ನೆಲೆಸಲು ಅನುಮತಿ ಕೊಡಲೆಂದೇ ಅಲ್ಲಿನ ಕಾಂಗ್ರೆಸ್ ಅವನ ಹೆಸರಿನಲ್ಲೇ ಕಾನೂನು ಮಾಡಿತು. ಕೊನೆಗೆ 1998ರ ಆಗಸ್ಟ್‌ನಲ್ಲಿ ಬ್ಯಾಂಕುಗಳು 125 ಕೋಟಿ ಡಾಲರ್ ಕೊಡಲು ಒಪ್ಪಿದವು. ನಾಜಿಗಳ ಕಿರುಕುಳಕ್ಕೆ ಒಳಗಾದವರದ್ದಿರಬಹುದಾದ ಖಾತೆಗಳು ಸುಮಾರು 54,000 ಇದ್ದವು ಎಂದು ಮರುವರ್ಷ ಬಂದ ಲೆಕ್ಕಪರಿಶೋಧನೆಯ ವರದಿ ಹೇಳಿತು.

ಇಂಥ ಅಡ್ಡಿಗಳನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಧೈರ್ಯವಾಗಿ ತೆಗೆದದ್ದು ನನ್ನ ಅಭಿಪ್ರಾಯದಲ್ಲಿ ಯಾವ ಸಂಸತ್ತೂ ಅಲ್ಲ. ಸೋತ ಜರ್ಮನಿಯ ಒಂದು ಭಾಗವನ್ನು ಆಳುತ್ತಿದ್ದ ಅಮೆರಿಕದ ಸೇನಾಡಳಿತ. 1947ರ ನವೆಂಬರ್ 10ರಂದು ಅದು ಹೊರಡಿಸಿದ 59ನೇ ಸಂಖ್ಯೆಯ ಕಾನೂನನ್ನು ಇವತ್ತು ಓದಿದರೂ ಅಚ್ಚರಿಯಾಗುತ್ತದೆ. 1933ರ ಜನವರಿ 30ರಿಂದ, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬಂದ ದಿನದಿಂದ, 1945ರ ಮೇ 8ರವರೆಗೆ ಕಿರುಕುಳಕ್ಕೆ ಒಳಗಾದ ಸಮುದಾಯದವರು ಮಾಡಿಕೊಟ್ಟ ಯಾವ ಮಾರಾಟವನ್ನೂ ಬಲವಂತದ ಮಾರಾಟ ಎಂದೇ ಭಾವಿಸಬೇಕು ಎಂದಿತು ಅದು. ಹಾಗಲ್ಲ, ನ್ಯಾಯವಾದ ಬೆಲೆ ಕೊಟ್ಟಿದ್ದೆ, ಆ ಹಣ ಅವರ ಕೈಗೆ ಸೇರಿತ್ತು ಎಂದು ತೋರಿಸುವ ಹೊಣೆ ಕೊಂಡವನದು. ಕ್ರಯಪತ್ರ ಸರಿಯಾಗಿದೆ, ನಾನು ಗೊತ್ತಿಲ್ಲದೆ ಕೊಂಡೆ ಎನ್ನುವುದು ಸಾಲದು. ಇನ್ನೊಂದು ಅಂಶ ಇನ್ನೂ ಮುಖ್ಯ. ವಾರಸುದಾರರೇ ಇಲ್ಲದ ಆಸ್ತಿ ಸಾಮಾನ್ಯವಾಗಿ ಸರ್ಕಾರಕ್ಕೆ ಸೇರುತ್ತದೆ. ಬಹುತೇಕ ಎಲ್ಲ ದೇಶಗಳ ಕಾನೂನೂ ಹಾಗೆಯೇ ಇದೆ. ಇಡೀ ಕುಟುಂಬವನ್ನು ಕೊಂದ ಸರ್ಕಾರಕ್ಕೇ ಆ ಕುಟುಂಬದ ಮನೆ ಸೇರಿದರೆ ಹೇಗಿರುತ್ತದೆ? ಆದ್ದರಿಂದ ಅಂಥ ಆಸ್ತಿ ಸರ್ಕಾರಕ್ಕಲ್ಲ, ಬದುಕುಳಿದವರ ಪರವಾಗಿ ಕೆಲಸ ಮಾಡುವ ಉತ್ತರಾಧಿಕಾರಿ ಸಂಸ್ಥೆಗೆ ಹೋಗಬೇಕು ಎಂದು 59ನೇ ಕಾನೂನು ಹೇಳಿತು.

ಆದರೆ ಕಣ್ಣೆದುರು ಉಳಿದಿದ್ದ ಮನೆ, ಅಂಗಡಿಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. ಸೆರೆಯಲ್ಲಿ ಕಳೆದ ವರ್ಷ, ಹಾಳಾದ ಆರೋಗ್ಯ, ನಿಂತುಹೋದ ಓದು ಇವಕ್ಕೆಲ್ಲ ಬೇರೆ ಕಾನೂನು ಬೇಕಿತ್ತು. 1951ರ ಸೆಪ್ಟೆಂಬರ್ 27ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನಾವರ್ ಪರಿಹಾರ ಕೊಡುವ ಹೊಣೆ ತಮ್ಮ ದೇಶಕ್ಕಿದೆ ಎಂದು ಸಂಸತ್ತಿನಲ್ಲಿ ಘೋಷಿಸಿದರು. ಪಡೆಯಬೇಕಾದವರಲ್ಲೇ ಈ ಬಗ್ಗೆ ಒಮ್ಮತ ಇರಲಿಲ್ಲ ಎಂಬುದನ್ನು ನೀವು ತಿಳಿದಿರಬೇಕು. ಜರ್ಮನಿಯೊಡನೆ ಮಾತುಕತೆಗೆ ಕೂರಬೇಕೇ ಎಂದು 1952ರ ಜನವರಿಯಲ್ಲಿ ಇಸ್ರೇಲಿನ ಸಂಸತ್ತು ಚರ್ಚಿಸುತ್ತಿದ್ದಾಗ ಹೊರಗಿದ್ದ ಜನ ಕಟ್ಟಡದ ಮೇಲೆ ಕಲ್ಲು ತೂರಿದರು. ಕೊಂದವರಿಂದ ಹಣ ಪಡೆದು ಅವರ ಕೈ ತೊಳೆದುಕೊಡುವುದೇ ಎಂಬುದು ವಿರೋಧಿಗಳ ಪ್ರಶ್ನೆ. ಅವರ ಮುಂದಾಳು ಮೆನಾಚೆಮ್ ಬೆಗಿನ್. ಕೊಂದದ್ದೂ ಅಲ್ಲದೆ ಆಸ್ತಿಯನ್ನೂ ಅವರಿಗೇ ಬಿಟ್ಟುಕೊಡಬೇಕೇ ಎಂಬುದು ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಅವರ ಪಕ್ಷ. ಮಾತುಕತೆಯ ಪರ 61, ವಿರುದ್ಧ 50 ಮತ ಬಿದ್ದವು. ಎರಡೂ ಕಡೆಯ ಮಾತಿನಲ್ಲಿ ತೂಕ ಇತ್ತೆಂದೇ ನನಗೆ ತೋರುತ್ತದೆ.

1952ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗ್‌ನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಇಸ್ರೇಲಿಗೆ 300 ಕೋಟಿ ಮಾರ್ಕ್, ಬೇರೆ ದೇಶಗಳಲ್ಲಿ ನೆಲೆಸಿದ್ದ ಯಹೂದಿ ನಿರಾಶ್ರಿತರಿಗಾಗಿ 45 ಕೋಟಿ ಮಾರ್ಕ್. ಇಸ್ರೇಲಿನ ಪಾಲು ಹೆಚ್ಚಾಗಿ ಸರಕುಗಳ ರೂಪದಲ್ಲಿ ಕಂತುಕಂತಾಗಿ ಸಂದಿತು. ಮರುವರ್ಷ ಜರ್ಮನ್ ಸಂಸತ್ತಿನಲ್ಲಿ ಇದು ಮತಕ್ಕೆ ಬಂದಾಗ 239 ಮಂದಿ ಪರ, 35 ಮಂದಿ ವಿರುದ್ಧ. 86 ಮಂದಿ ಯಾವ ಕಡೆಗೂ ಮತ ಹಾಕಲಿಲ್ಲ. ಅಡೆನಾವರ್ ಅವರ ಸ್ವಂತ ಕೂಟದಲ್ಲೇ ಬೇಕಾದಷ್ಟು ಬೆಂಬಲ ಸಿಗದೆ, ವಿರೋಧ ಪಕ್ಷವಾದ ಸೋಷಿಯಲ್ ಡೆಮಾಕ್ರಾಟರ ಮತಗಳಿಂದ ಅದು ಪಾರಾಯಿತು.

ಇದರ ಜೊತೆಗೆ ವ್ಯಕ್ತಿಗಳಿಗೆ ನೇರ ಪರಿಹಾರ ಕೊಡುವ ಫೆಡರಲ್ ಪರಿಹಾರ ಕಾನೂನು 1953ರಲ್ಲಿ ಒಂದು ರೂಪದಲ್ಲಿ, 1956ರಲ್ಲಿ ಪೂರ್ಣ ರೂಪದಲ್ಲಿ ಬಂತು. ಸೆರೆಶಿಬಿರದಲ್ಲಿ ಕಳೆದ ಪ್ರತಿ ಪೂರ್ತಿ ತಿಂಗಳಿಗೆ 150 ಮಾರ್ಕ್ ಎಂದು ಅದರಲ್ಲಿ ಬರೆದಿದೆ, ಅಂದರೆ ದಿನಕ್ಕೆ 5 ಮಾರ್ಕ್. ಓದುವಾಗ ಇದೇನು ದಿನಗೂಲಿಯೇ ಎನಿಸುತ್ತದೆ. ಆದರೆ ಕಾನೂನಿನ ಭಾಷೆಯೇ ಹಾಗೆ. ಯಾತನೆಗೆ ಬೆಲೆ ಕಟ್ಟಲಾಗದು ಎಂದು ಬರೆದರೆ ಖಜಾನೆಯಿಂದ ಒಂದು ಕಾಸೂ ಹೊರಡುವುದಿಲ್ಲ. ದೊಡ್ಡ ತೊಡಕು ಆರೋಗ್ಯದ ವಿಷಯದಲ್ಲಿ ಬಂತು. ಮಾಸಿಕ ಪಿಂಚಣಿ ಬೇಕಾದರೆ ದುಡಿಯುವ ಶಕ್ತಿ ಕನಿಷ್ಠ ಶೇ 25ರಷ್ಟು ಕುಂದಿರಬೇಕು ಮತ್ತು ಅದಕ್ಕೆ ನಾಜಿ ಕಿರುಕುಳವೇ ಕಾರಣ ಎಂದು ವೈದ್ಯರು ಒಪ್ಪಬೇಕು. ಇಡೀ ಮನೆಯವರನ್ನು ಕಳೆದುಕೊಂಡು ನಿದ್ದೆಯಿಲ್ಲದೆ ಒದ್ದಾಡುತ್ತಿದ್ದವರನ್ನು ಪರೀಕ್ಷಿಸಿ, ಇದು ಹುಟ್ಟಿನಿಂದ ಬಂದ ದೌರ್ಬಲ್ಯ, ಶಿಬಿರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಷರಾ ಬರೆದ ಮನೋವೈದ್ಯರಿದ್ದರು. 1965ರಲ್ಲಿ ಸಂಸತ್ತು ತಿದ್ದುಪಡಿ ತಂದಿತು: ಒಂದು ವರ್ಷ ಸೆರೆಶಿಬಿರದಲ್ಲಿದ್ದವರ ದುಡಿಯುವ ಶಕ್ತಿ ಅಷ್ಟರಮಟ್ಟಿಗೆ ಕುಂದಿದ್ದರೆ ಕಾರಣ ಸಾಬೀತುಪಡಿಸಬೇಕಿಲ್ಲ, ಕಿರುಕುಳವೇ ಕಾರಣ ಎಂದು ಭಾವಿಸಿಕೊಳ್ಳಬೇಕು. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ. ಎಂಥ ಉದಾರ ನ್ಯಾಯಾಧೀಶರೂ ಆ ಒಂದು ಸಾಲನ್ನು ತಾವಾಗಿ ಬರೆಯುವಂತಿರಲಿಲ್ಲ.

ಕಾನೂನಿನ ಹೊರಗುಳಿದವರೂ ಬಹಳ ಮಂದಿ. ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳಲ್ಲಿ ಉಳಿದವರಿಗೆ ಸಿಗಲಿಲ್ಲ. ಬಲವಂತವಾಗಿ ಸಂತಾನಹರಣ ಚಿಕಿತ್ಸೆಗೆ ಒಳಗಾದವರಿಗೆ, ಸಲಿಂಗಕಾಮಿಗಳೆಂದು ಶಿಬಿರಕ್ಕೆ ಹೋದವರಿಗೆ ಸಿಗಲಿಲ್ಲ. ಇನ್ನು ರೋಮಾ ಮತ್ತು ಸಿಂತಿ ಜನರ ಕಥೆ. ನಾಜಿಗಳು ಇವರನ್ನೂ ಜನಾಂಗದ ಕಾರಣಕ್ಕೇ ಕೊಂದರು. ಆದರೆ 1956ರ ಜನವರಿಯಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ, 1943ರ ಮಾರ್ಚ್‌ಗಿಂತ ಮೊದಲು ಅವರನ್ನು ಗಡೀಪಾರು ಮಾಡಿದ್ದು ಜನಾಂಗದ್ವೇಷದಿಂದಲ್ಲ, ಅಪರಾಧ ತಡೆಯುವ ಪೊಲೀಸ್ ಕ್ರಮ ಎಂದು ತೀರ್ಪು ಕೊಟ್ಟುಬಿಟ್ಟಿತು. ಬಾಗಿಲು ಮುಚ್ಚಿದ್ದು ಈ ಸಲ ಕೋರ್ಟೇ. 1963ರಲ್ಲಿ ಅದೇ ನ್ಯಾಯಾಲಯ ಭಾಗಶಃ ತಿದ್ದಿಕೊಂಡಿತು. ಅವರ ಮೇಲೆ ನಡೆದದ್ದೂ ನರಮೇಧವೇ ಎಂದು ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಒಪ್ಪಿಕೊಳ್ಳುವ ಹೊತ್ತಿಗೆ 1982 ಬಂದಿತ್ತು.

ಇಷ್ಟು ಕಾಲ ಏಕೆ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು. ಒಂದೊಂದು ಕಾನೂನೂ ಒಂದು ಗುಂಪನ್ನು ಒಳಗೆ ಕರೆದುಕೊಂಡು ಇನ್ನೊಂದನ್ನು ಹೊರಗೆ ಬಿಟ್ಟಿತು. ಹೊರಗುಳಿದವರು ಮತ್ತೆ ಹೋರಾಡಬೇಕಾಯಿತು. ಜರ್ಮನ್ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆ ಮಾಡಿದವರನ್ನೇ ನೋಡಿ. 1953ರ ಲಂಡನ್ ಸಾಲ ಒಪ್ಪಂದ ಅಂಥವರ ಬೇಡಿಕೆಗಳನ್ನು ‘ಅಂತಿಮ ಇತ್ಯರ್ಥ’ ಆಗುವವರೆಗೆ ಮುಂದೂಡಿತು. ಜರ್ಮನಿ ಒಂದಾಗುವವರೆಗೆ ಅದು ಹಾಗೆಯೇ ಇತ್ತು. 1998ರಿಂದ ಅಮೆರಿಕದ ಕೋರ್ಟುಗಳಲ್ಲಿ ಜರ್ಮನ್ ಕಂಪನಿಗಳ ಮೇಲೆ ಸಾಲುಸಾಲು ಸಾಮೂಹಿಕ ದಾವೆಗಳು ಬಿದ್ದ ಮೇಲೆಯೇ 2000ದ ಬೇಸಿಗೆಯಲ್ಲಿ ಜರ್ಮನ್ ಸಂಸತ್ತು ಒಂದು ಪ್ರತಿಷ್ಠಾನ ಸ್ಥಾಪಿಸುವ ಕಾನೂನು ಮಾಡಿದ್ದು. ಸಾವಿರ ಕೋಟಿ ಮಾರ್ಕ್. ಅರ್ಧ ಸರ್ಕಾರದ್ದು, ಅರ್ಧ ಕಂಪನಿಗಳದ್ದು. ಸೆರೆಶಿಬಿರದಲ್ಲಿದ್ದು ದುಡಿದವರಿಗೆ ಹೆಚ್ಚೆಂದರೆ 15,000 ಮಾರ್ಕ್, ಬೇರೆಯವರಿಗೆ 5,000 ಮಾರ್ಕ್‌ವರೆಗೆ. 2007ರಲ್ಲಿ ಮುಗಿಯುವಷ್ಟರಲ್ಲಿ 16 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಸೇರಿತ್ತು. ಅಷ್ಟರೊಳಗೆ ತೀರಿಕೊಂಡವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು.

ಘೆಟ್ಟೊ ಪಿಂಚಣಿಯ ಪ್ರಕರಣ ಇನ್ನೂ ವಿಚಿತ್ರ. ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದ ಘೆಟ್ಟೊ ಎಂಬ ಕೇರಿಗಳಲ್ಲಿ ಹೊಲಿಗೆ, ಚಪ್ಪಲಿ ತಯಾರಿಕೆ ಮುಂತಾದ ಕೆಲಸ ನಡೆಯುತ್ತಿತ್ತು. ಅಲ್ಲಿ ದುಡಿದ ಕಾಲಕ್ಕೂ ಮಾಮೂಲಿ ನೌಕರರಂತೆ ಪಿಂಚಣಿ ಕೊಡಬೇಕು ಎಂದು 2002ರಲ್ಲಿ ಜರ್ಮನ್ ಸಂಸತ್ತು ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಎರಡು ಷರತ್ತು ಸೇರಿಕೊಂಡಿದ್ದವು: ಕೆಲಸವನ್ನು ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿರಬೇಕು ಮತ್ತು ಅದಕ್ಕೆ ಕೂಲಿ ಪಡೆದಿರಬೇಕು. ಎಂಬತ್ತು ದಾಟಿದ ವೃದ್ಧರ ಮುಂದೆ ಅರ್ಜಿ ನಮೂನೆ ಬಂತು. ನಿಮ್ಮನ್ನು ಬಲವಂತಪಡಿಸಿದ್ದರೇ ಎಂಬ ಪ್ರಶ್ನೆಗೆ ಅವರು ಹೌದು ಎಂದೇ ಬರೆದರು, ಬೇರೇನು ಬರೆಯುತ್ತಾರೆ? ಹಾಗಾದರೆ ಇದು ನೌಕರಿಯಲ್ಲ, ಬಲವಂತದ ದುಡಿಮೆ ಎಂದು ಕಚೇರಿ ಅರ್ಜಿ ತಿರಸ್ಕರಿಸಿತು. ಕೂಲಿ ಏನು ಸಿಗುತ್ತಿತ್ತು ಎಂದರೆ ಸೂಪು, ಬ್ರೆಡ್ಡು. ಅದು ಸಂಬಳವಲ್ಲ ಎಂದು ಮತ್ತೊಂದು ತಿರಸ್ಕಾರ. ಸುಮಾರು 70,000 ಅರ್ಜಿಗಳಲ್ಲಿ ಶೇ 90ಕ್ಕೂ ಹೆಚ್ಚು ಹೀಗೆ ಬಿದ್ದುಹೋದವು. ಹಸಿವಿನಿಂದ ಸಾಯದಿರಲು ಕೆಲಸ ಹುಡುಕಿಕೊಂಡದ್ದೂ ಸ್ವಂತ ನಿರ್ಧಾರವೇ, ಊಟವೂ ಕೂಲಿಯೇ ಎಂದು 2009ರಲ್ಲಿ ಫೆಡರಲ್ ಸಾಮಾಜಿಕ ನ್ಯಾಯಾಲಯ ಹೇಳಿತು. ಆಗ ಮತ್ತೊಂದು ನಿಯಮ ಅಡ್ಡ ಬಂತು: ಹಿಂಬಾಕಿ ನಾಲ್ಕು ವರ್ಷಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ಅದನ್ನು ತೆಗೆದು, 1997ರ ಜುಲೈಯಿಂದಲೇ ಬಾಕಿ ಪಡೆಯಲು ದಾರಿ ಮಾಡಲು 2014ರಲ್ಲಿ ಸಂಸತ್ತು ಮತ್ತೆ ಕಾನೂನು ತಿದ್ದಬೇಕಾಯಿತು. ಸಂಸತ್ತಿನಿಂದ ಕೋರ್ಟಿಗೆ, ಕೋರ್ಟಿನಿಂದ ಸಂಸತ್ತಿಗೆ ಹೀಗೆ ಓಡಾಡುವಷ್ಟರಲ್ಲಿ ಹನ್ನೆರಡು ವರ್ಷ ಹೋಯಿತು.

ಶಿಕ್ಷೆಯ ವಿಷಯದಲ್ಲೂ ಶಾಸಕರ ಕೈ ಇಲ್ಲದೆ ನಡೆಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಕೊಲೆಗೂ ಆಗ 20 ವರ್ಷದ ಕಾಲಮಿತಿ ಇತ್ತು. 1945ರಿಂದ ಎಣಿಸಿದರೆ 1965ರ ಮೇ ತಿಂಗಳಿಗೆ ತಲೆಮರೆಸಿಕೊಂಡ ನಾಜಿ ಕೊಲೆಗಾರರೆಲ್ಲ ನಿರಾಳ. ಸಂಸತ್ತು ಎಣಿಕೆಯನ್ನು 1950ರಿಂದ ಶುರುಮಾಡಿ ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಕಾಲ ಗಳಿಸಿಕೊಂಡಿತು. 1969ರಲ್ಲಿ ಕಾಲಮಿತಿಯನ್ನು 30 ವರ್ಷಕ್ಕೆ ಏರಿಸಿತು. 1979ರ ಜುಲೈ 3ರಂದು, 255ಕ್ಕೆ 222 ಮತಗಳಿಂದ, ಕೊಲೆಗೆ ಕಾಲಮಿತಿಯನ್ನೇ ರದ್ದುಮಾಡಿತು. ಇತ್ತೀಚಿನ ವರ್ಷಗಳಲ್ಲಿ ತೊಂಬತ್ತು ದಾಟಿದ ಶಿಬಿರ ಕಾವಲುಗಾರರನ್ನು ಜರ್ಮನಿಯಲ್ಲಿ ಕಟಕಟೆಗೆ ತಂದ ಸುದ್ದಿ ನೀವು ಓದಿರಬಹುದು. ಆ ಮತದಾನ ನಡೆಯದಿದ್ದರೆ ಅದು ಸಾಧ್ಯವಿರಲಿಲ್ಲ.

ಈಗ ನೀವು ಕೇಳಿದ ಕ್ಯಾಲಿಫೋರ್ನಿಯಾ ಕಾನೂನಿಗೆ ಬರುತ್ತೇನೆ. ಅದರ ಹಿಂದಿರುವುದು ಒಂದು ಚಿತ್ರ. ಕಮೀಲ್ ಪಿಸ್ಸಾರೊ 1897ರಲ್ಲಿ ಪ್ಯಾರಿಸ್ಸಿನ ಹೋಟೆಲ್ ಕಿಟಕಿಯಿಂದ ಕಂಡ ಮಳೆಯ ಮಧ್ಯಾಹ್ನದ ಬೀದಿಯನ್ನು ಬರೆದ ಚಿತ್ರ ಅದು. ಜರ್ಮನಿಯ ಕ್ಯಾಸಿರರ್ ಎಂಬ ಯಹೂದಿ ಕುಟುಂಬ ಅದನ್ನು ಕೊಂಡಿತ್ತು. 1926ರಲ್ಲಿ ಲಿಲಿ ಕ್ಯಾಸಿರರ್ ಅವರ ಪಾಲಿಗೆ ಬಂತು. 1939ರಲ್ಲಿ ದೇಶ ಬಿಟ್ಟು ಹೋಗಲು ಅನುಮತಿ ಬೇಕಾದರೆ ಚಿತ್ರ ಬಿಟ್ಟುಕೊಡಬೇಕು ಎಂದು ನಾಜಿಗಳು ಹೇಳಿದರು. ಬೆಲೆ 900 ಮಾರ್ಕ್, ಅದೂ ಅವರು ತೆಗೆಯಲಾಗದಂತೆ ತಡೆಹಿಡಿದ ಖಾತೆಗೆ. ಯುದ್ಧದ ನಂತರ ಚಿತ್ರ ಎಲ್ಲಿದೆಯೋ ಯಾರಿಗೂ ಗೊತ್ತಾಗಲಿಲ್ಲ. 1958ರಲ್ಲಿ ಜರ್ಮನ್ ಸರ್ಕಾರ 1,20,000 ಮಾರ್ಕ್ ಪರಿಹಾರ ಕೊಟ್ಟಿತು. ಆದರೆ ಚಿತ್ರ ಸಿಕ್ಕರೆ ಕೇಳುವ ಹಕ್ಕನ್ನು ಲಿಲಿ ಬಿಟ್ಟುಕೊಡಲಿಲ್ಲ. ಕೈ ಬದಲಾಯಿಸುತ್ತ ಅದು 1976ರಲ್ಲಿ ಥೈಸನ್-ಬೋರ್ನೆಮಿಸ್ಸಾ ಎಂಬ ಶ್ರೀಮಂತನ ಸಂಗ್ರಹಕ್ಕೆ ಸೇರಿತು. 1993ರಲ್ಲಿ ಆ ಸಂಗ್ರಹವನ್ನು ಸ್ಪೇನ್ ಸರ್ಕಾರದ ಹಣದಿಂದ ಕೊಳ್ಳಲಾಯಿತು. ಮ್ಯಾಡ್ರಿಡ್‌ನ ಮ್ಯೂಸಿಯಂ ಗೋಡೆಯ ಮೇಲೆ ಅದು ತೂಗುತ್ತಿದೆ ಎಂದು ಕ್ಯಾಲಿಫೋರ್ನಿಯಾದಲ್ಲಿದ್ದ ಲಿಲಿಯ ಮೊಮ್ಮಗನಿಗೆ ತಿಳಿದದ್ದು 2000ದ ಸುಮಾರಿಗೆ.

2005ರಲ್ಲಿ ಆತ ದಾವೆ ಹೂಡಿದ. ಕದ್ದ ಮಾಲು ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ವಾದ ಇದ್ದದ್ದು ಯಾವ ದೇಶದ ಕಾನೂನು ಅನ್ವಯಿಸಬೇಕು ಎಂಬುದರ ಬಗ್ಗೆ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಕಳ್ಳನಿಂದ ಯಾರ ಕೈಗೆ ದಾಟಿದರೂ, ಕೊಂಡವನು ಎಷ್ಟೇ ಪ್ರಾಮಾಣಿಕನಾದರೂ, ಒಡೆತನ ಹುಟ್ಟುವುದಿಲ್ಲ. ಸ್ಪೇನಿನ ಕಾನೂನಿನಲ್ಲಿ ವಸ್ತುವೊಂದನ್ನು ಆರು ವರ್ಷ ಬಹಿರಂಗವಾಗಿ ಇಟ್ಟುಕೊಂಡಿದ್ದರೆ ಒಡೆತನ ಬಂದುಬಿಡಬಹುದು. 1993ಕ್ಕೆ ಆರು ಸೇರಿಸಿ. ಮೊಮ್ಮಗನಿಗೆ ಸುದ್ದಿ ಗೊತ್ತಾಗುವ ಮೊದಲೇ ಗಡುವು ಮುಗಿದಿತ್ತು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಯಾವ ಕಾನೂನು ಎಂಬುದನ್ನು ಕ್ಯಾಲಿಫೋರ್ನಿಯಾದ ನಿಯಮದಂತೆಯೇ ತೀರ್ಮಾನಿಸಿ ಎಂದು ಕಳಿಸಿತು. ಆದರೂ 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಸ್ಪೇನಿನ ಕಾನೂನನ್ನೇ ಆರಿಸಿ ಮ್ಯೂಸಿಯಂ ಪರ ತೀರ್ಪು ಕೊಟ್ಟಿತು. ಸ್ಪೇನ್ ಈ ಚಿತ್ರವನ್ನು ತಾನಾಗಿ ಕೊಟ್ಟುಬಿಡಬೇಕಿತ್ತು, ಆದರೆ ಕಾನೂನಿಗೆ ತಲೆಬಾಗುವ ಪ್ರತಿಜ್ಞೆ ಮಾಡಿದ್ದೇನೆ ಎಂಬರ್ಥದಲ್ಲಿ ಒಬ್ಬ ನ್ಯಾಯಾಧೀಶೆ ಪ್ರತ್ಯೇಕವಾಗಿ ಬರೆದರು. ಕೋರ್ಟಿನ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಅವರ ಬರಹ ನೋಡಿದರೆ ಗೊತ್ತಾಗುತ್ತದೆ. ಅದೇ ವರ್ಷದ ಸೆಪ್ಟೆಂಬರ್ 16ರಂದು ಕ್ಯಾಲಿಫೋರ್ನಿಯಾ ಗವರ್ನರ್ ಅಂಕಿತ ಹಾಕಿದ್ದೇ ನೀವು ಓದಿದ ಕಾನೂನು. ರಾಜ್ಯದ ನಿವಾಸಿಗಳು ಕಳವಾದ ಕಲಾಕೃತಿಗೆ, ಕಿರುಕುಳದಲ್ಲಿ ಕಳೆದುಕೊಂಡ ಸ್ವತ್ತಿಗೆ ದಾವೆ ಹೂಡಿದರೆ ಕ್ಯಾಲಿಫೋರ್ನಿಯಾ ಕಾನೂನೇ ಅನ್ವಯಿಸಬೇಕು ಎಂದಿತು ಅದು. 2025ರ ಮಾರ್ಚ್ 10ರಂದು ಸುಪ್ರೀಂ ಕೋರ್ಟ್ ಹಿಂದಿನ ತೀರ್ಪನ್ನು ರದ್ದುಪಡಿಸಿ, ಹೊಸ ಕಾನೂನಿನ ಬೆಳಕಿನಲ್ಲಿ ಮತ್ತೆ ನೋಡಿ ಎಂದು ಮೇಲ್ಮನವಿ ನ್ಯಾಯಾಲಯಕ್ಕೆ ವಾಪಸು ಕಳಿಸಿತು.

ಹಾಗೆಂದು ಶಾಸನಸಭೆ ಏನು ಬೇಕಾದರೂ ಮಾಡಬಹುದು ಎಂದುಕೊಳ್ಳಬೇಡಿ. ಇದೇ ಕ್ಯಾಲಿಫೋರ್ನಿಯಾ 2000ದಲ್ಲಿ ಇನ್ನೊಂದು ಕಾನೂನು ಮಾಡಿತ್ತು. ಒಟ್ಟೋಮನ್ ತುರ್ಕಿಯಲ್ಲಿ 1915ರಿಂದ ನಡೆದ ನರಮೇಧದಲ್ಲಿ ಸತ್ತ ಅರ್ಮೇನಿಯನ್ನರ ಜೀವವಿಮೆ ಹಣವನ್ನು ಅವರ ವಾರಸುದಾರರು 2010ರವರೆಗೂ ಕೇಳಬಹುದು ಎಂದು ಕಾಲಮಿತಿ ಸಡಿಲಿಸಿತ್ತು. ಅದರ ಬಲದಿಂದ 2004ರಲ್ಲಿ ಒಂದು ದೊಡ್ಡ ವಿಮಾ ಕಂಪನಿ 2 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆದರೆ ಬೇರೊಂದು ಮೊಕದ್ದಮೆಯಲ್ಲಿ 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾನೂನನ್ನೇ ಅಸಿಂಧುಗೊಳಿಸಿತು. ವಿದೇಶಾಂಗ ವ್ಯವಹಾರ ಕೇಂದ್ರದ್ದು, ರಾಜ್ಯ ಅದರಲ್ಲಿ ಕೈಹಾಕುವಂತಿಲ್ಲ ಎಂಬುದು ಕಾರಣ. ಅಮೆರಿಕದ ಕಾಂಗ್ರೆಸ್‌ನ ಎರಡೂ ಸದನಗಳು ಅದನ್ನು ನರಮೇಧವೆಂದು ಒಪ್ಪಿ ನಿರ್ಣಯ ಮಾಡಿದ್ದು 2019ರ ಕೊನೆಯಲ್ಲಿ. ನಿರ್ಣಯದಿಂದ ಯಾರ ವಿಮೆಯೂ ಪಾವತಿಯಾಗುವುದಿಲ್ಲ ಎಂಬುದೂ ನೆನಪಿರಲಿ. ನಿರ್ಣಯ ಅಭಿಪ್ರಾಯ ಮಾತ್ರ, ಕಾನೂನಲ್ಲ.

ಶಾಸನದಿಂದ ಬಾಗಿಲು ಮುಚ್ಚುವುದೂ ಉಂಟು. 2021ರ ಆಗಸ್ಟ್‌ನಲ್ಲಿ ಪೋಲೆಂಡ್, 30 ವರ್ಷ ಹಳೆಯದಾದ ಆಡಳಿತಾತ್ಮಕ ಆದೇಶಗಳನ್ನು ಪ್ರಶ್ನಿಸುವಂತಿಲ್ಲ ಎಂದು ಕಾನೂನು ಮಾಡಿ ಯುದ್ಧಾನಂತರ ಸರ್ಕಾರದ ಪಾಲಾದ ಮನೆ ಜಮೀನುಗಳ ಹಕ್ಕುದಾವೆಗೆ ದೊಡ್ಡ ಬೀಗ ಹಾಕಿತು. ಫ್ರಾನ್ಸ್ ಉಲ್ಟಾ ದಾರಿ ಹಿಡಿಯಿತು. ಅಲ್ಲಿ ಸರ್ಕಾರಿ ಮ್ಯೂಸಿಯಂನ ವಸ್ತು ಪರಭಾರೆ ಮಾಡಲು ಬರುವುದಿಲ್ಲ. ಹಾಗಾಗಿ ಕ್ಲಿಮ್ಟ್ ಬರೆದ ಒಂದು ಚಿತ್ರವೂ ಸೇರಿ 15 ಕೃತಿಗಳನ್ನು ಹಿಂದಿರುಗಿಸಲು 2022ರಲ್ಲಿ ಅವುಗಳ ಪಟ್ಟಿ ಬರೆದು ವಿಶೇಷ ಕಾನೂನೇ ಮಾಡಬೇಕಾಯಿತು. ಪ್ರತಿ ಸಲ ಹೀಗೆ ಬೇಡವೆಂದು ಮರುವರ್ಷ ಸಾಮಾನ್ಯ ಕಾನೂನು ತಂದರು.

ಈಚಿನದೊಂದು ಉದಾಹರಣೆ ಇರಾಕಿನದು. 2014ರ ಆಗಸ್ಟ್ 3ರಂದು ಐಸಿಸ್ ಉಗ್ರರು ಸಿಂಜಾರ್‌ನ ಯಜೀದಿಗಳ ಮೇಲೆ ಬಿದ್ದು ಗಂಡಸರನ್ನು ಕೊಂದು ಹೆಂಗಸರನ್ನು ಗುಲಾಮರಾಗಿ ಮಾರಿದರು. 2021ರ ಮಾರ್ಚ್ 1ರಂದು ಇರಾಕ್ ಸಂಸತ್ತು ಒಪ್ಪಿದ ಕಾನೂನಿನಲ್ಲಿ ಬದುಕುಳಿದ ಹೆಣ್ಣುಮಕ್ಕಳಿಗೆ ಮಾಸಿಕ ವೇತನ, ಮನೆ ನಿವೇಶನ, ಸರ್ಕಾರಿ ನೌಕರಿಯಲ್ಲಿ ಶೇ 2ರ ಮೀಸಲು, ವಯಸ್ಸಿನ ಮಿತಿಯಿಲ್ಲದೆ ಮತ್ತೆ ಶಾಲೆಗೆ ಸೇರುವ ಹಕ್ಕು ಇವೆ. ತುರ್ಕ್‌ಮನ್, ಕ್ರೈಸ್ತ, ಶಬಕ್ ಸಮುದಾಯದವರೂ ಇದರೊಳಗೆ ಬರುತ್ತಾರೆ. ಕಾಗದದ ಮೇಲೆ ಒಳ್ಳೆಯ ಕಾನೂನು. ಆದರೆ ಅರ್ಜಿ ಹಾಕುವಾಗ ಕ್ರಿಮಿನಲ್ ದೂರು ದಾಖಲಿಸಿದ ಕಾಗದ ತನ್ನಿ ಎಂಬ ಬೇಡಿಕೆ ಸೇರಿಕೊಂಡು, ಬಾಯಿಬಿಟ್ಟು ಹೇಳಲಾಗದವರಿಗೆ ಮತ್ತೆ ಸಂಕಟವಾಯಿತು. ಘೆಟ್ಟೊ ಪಿಂಚಣಿಯ ಅರ್ಜಿ ನಮೂನೆ ನಿಮಗೆ ನೆನಪಾಗಿರಬಹುದು. ಯಜೀದಿಗಳ ಮೇಲೆ ನಡೆದದ್ದು ನರಮೇಧ ಎಂದು ಮೊದಲ ಕ್ರಿಮಿನಲ್ ತೀರ್ಪು ಬಂದದ್ದು ಇರಾಕಿನಲ್ಲಲ್ಲ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, 2021ರ ನವೆಂಬರ್ 30ರಂದು. ಐದು ವರ್ಷದ ಹುಡುಗಿಯೊಬ್ಬಳನ್ನು ಬಿಸಿಲಿಗೆ ಕಟ್ಟಿಹಾಕಿ ಸಾಯಿಸಿದವನಿಗೆ ಜೀವಾವಧಿ, ಜೊತೆಗೆ ತಾಯಿಗೆ 50,000 ಯೂರೊ ಪರಿಹಾರ ಕೊಡಬೇಕೆಂಬ ಆದೇಶ. ಬೇರೆ ದೇಶದಲ್ಲಿ ನಡೆದ ನರಮೇಧವನ್ನೂ ಜರ್ಮನಿಯಲ್ಲಿ ವಿಚಾರಣೆ ಮಾಡಬಹುದು ಎಂದು ಅಲ್ಲಿನ ಸಂಸತ್ತು 2002ರಲ್ಲೇ ಕಾನೂನು ಬರೆದಿತ್ತು.

ಕೊನೆಗೆ ನಮ್ಮ ದೇಶದ ಮಾತು. ನರಮೇಧ ತಡೆ ಒಪ್ಪಂದಕ್ಕೆ ಭಾರತ 1949ರಲ್ಲಿ ಸಹಿ ಹಾಕಿ 1959ರ ಆಗಸ್ಟ್‌ನಲ್ಲಿ ಅನುಮೋದಿಸಿತು. ಒಪ್ಪಂದದ ಐದನೇ ವಿಧಿಯಂತೆ ಸಹಿ ಹಾಕಿದ ದೇಶ ತನ್ನಲ್ಲಿ ಅದಕ್ಕೆ ಬೇಕಾದ ಕಾನೂನು ಮಾಡಿಕೊಳ್ಳಬೇಕು. ಅದು ಇನ್ನೂ ಆಗಿಲ್ಲ. 1984ರ ದೆಹಲಿಯ ಸಿಖ್ ವಿರೋಧಿ ಹತ್ಯೆಗಳ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ ದೆಹಲಿ ಹೈಕೋರ್ಟ್, ನರಮೇಧವಾಗಲಿ ಮಾನವೀಯತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದಂಡಸಂಹಿತೆಯಲ್ಲಿ ಇಲ್ಲ, ಈ ಕೊರತೆಯನ್ನು ಬೇಗ ನೀಗಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಹೆಸರಿನ ಅಪರಾಧ ಸೇರಿಲ್ಲ; ಕೊಲೆ, ಗಲಭೆ, ಒಳಸಂಚು ಎಂಬ ಬಿಡಿ ಕಲಮುಗಳಲ್ಲೇ ಮೊಕದ್ದಮೆ ಹೂಡಬೇಕು. ಪರಿಹಾರಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಅದರ ಮೊತ್ತವನ್ನು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ತೀರ್ಮಾನಿಸುತ್ತದೆ. ಆದರೆ ಅದು ಒಬ್ಬೊಬ್ಬರ ಮೇಲಿನ ಅಪರಾಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಯೋಜನೆ. ಕಸಿದುಕೊಂಡ ಮನೆ ಅಂಗಡಿಯನ್ನು ಹಿಂದಿರುಗಿಸುವ, ವಾರಸುದಾರರಿಲ್ಲದ ಆಸ್ತಿಯನ್ನು ಸಮುದಾಯಕ್ಕೆ ಕೊಡಿಸುವ ಕಲಮು ಅದರಲ್ಲಿಲ್ಲ. ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಇಂದಿನ ಮಟ್ಟಿಗೆ ಉತ್ತರ: ಇಲ್ಲ.